ಬಾಣದ ತೂಕ ಎಲ್ಲಿ ಕೂರಬೇಕು?

ಗುಲಗಂಜಿ ಎಲ್ಲರೂ ನೋಡಿರ್ತೀರಿ. ಕೆಂಪು ಕಾಳು, ತಲೆ ಮೇಲೊಂದು ಕಪ್ಪು ಚುಕ್ಕಿ. ಅಕ್ಕಸಾಲಿಗರು ಬಂಗಾರ ತೂಗಲು ಬಳಸುತ್ತಿದ್ದ ಈ ಕಾಳಿನ ತೂಕ ಸುಮಾರು 0.12 ಗ್ರಾಂ. ಹಟ್ಟಿಯ ಬಂಗಾರ ನಮ್ಮ ಜಿಲ್ಲೆಯದ್ದೇ ಆದ್ದರಿಂದ ಈ ಲೆಕ್ಕ ನಮಗೆ ಹೊಸದಲ್ಲ. ಪಶ್ಚಿಮದ ಬಿಲ್ಲುಗಾರರು ಬಾಣ ತೂಗುವುದೂ ಕಾಳಿನ ಲೆಕ್ಕದಲ್ಲೇ. ಅವರ ಕಾಳು ಬಾರ್ಲಿ, ಅಳತೆಯ ಹೆಸರು ಗ್ರೇನ್. ಒಂದು ಗ್ರೇನ್ ಅಂದ್ರೆ 0.0648 ಗ್ರಾಂ. ಹೆಚ್ಚುಕಡಿಮೆ ಎರಡು ಗ್ರೇನಿಗೆ ಒಂದು ಗುಲಗಂಜಿ. ಯೂಟ್ಯೂಬ್‌ನಲ್ಲಿ ಅಮೆರಿಕದ ಬೇಟೆಗಾರನೊಬ್ಬ "ನೂರು ಗ್ರೇನ್ ಪಾಯಿಂಟ್" ಅಂದಾಗ, ಅದು 6.48 ಗ್ರಾಂ, ಅಂದ್ರೆ ಐವತ್ತನಾಲ್ಕು ಗುಲಗಂಜಿ ಅಂತ ತಿಳ್ಕೊಳ್ಳಿ.

ಹಾಸ್ಟೆಲ್‌ನಲ್ಲಿ ಈ ವಿಡಿಯೋಗಳನ್ನು ನೋಡೋರು ಬಹಳ ಮಂದಿ ಇದ್ದಾರೆ. ನೋಡಿದ ಮೇಲೆ ಜಗಳ ಶುರು. ಭಾರದ ಬಾಣ ಚಲೋ ಅಂತ ಒಬ್ಬ, ಹಗುರದ್ದೇ ಚಲೋ ಅಂತ ಇನ್ನೊಬ್ಬ. ಇಬ್ಬರೂ ಮೂರನೇ ಸೆಮಿಸ್ಟರ್‌ನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಸಾದವರೇ. ಆದರೆ ಲೆಕ್ಕ ಹಾಕಿ ನೋಡಿದವರು ಯಾರೂ ಇಲ್ಲ. ಅದಕ್ಕೇ ಈ ಲೇಖನ.

ಲೆಕ್ಕಕ್ಕೆ ಮೊದಲು ಒಂದು ಮಾತು. ಆ ವಿಡಿಯೋದ ದೇಶದಲ್ಲಿ ಲೈಸೆನ್ಸ್ ತಗೊಂಡು ಬಿಲ್ಲಿನಿಂದ ಜಿಂಕೆ ಹೊಡೆಯಬಹುದು. ಇಲ್ಲಿ ಆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಪರಾಧ. ಪ್ರಾಣಿ ಸತ್ತರೆ ಮಾತ್ರ ಬೇಟೆ ಅಂತಲ್ಲ. ಬೆನ್ನಟ್ಟುವುದು, ಬಲೆ ಹಾಕುವುದು, ಕೊಲ್ಲಲು ಪ್ರಯತ್ನಿಸುವುದು ಕೂಡ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. ದೇವದುರ್ಗ, ಮಾನ್ವಿ ಕಡೆ ಹೊಲಕ್ಕೆ ಬರುವ ಕೃಷ್ಣಮೃಗ ಮೊದಲ ಅನುಸೂಚಿಯ ಪ್ರಾಣಿ. ಅದರ ಬೇಟೆಗೆ 3ರಿಂದ 7 ವರ್ಷ ಜೈಲು. ಮೊಲ ಕೂಡ ಅನುಸೂಚಿಯೊಳಗೇ ಇದೆ, ಹಬ್ಬದ ಹೆಸರಲ್ಲಿ ಹೊಡೆದರೂ ಅಷ್ಟೇ. ಹೆಸರು, ತೊಗರಿ ಮೊಳಕೆ ಬಂದಾಗ ಹಿಂಡು ನುಗ್ಗಿದರೆ ರೈತನಿಗೆ ಆಗುವ ನಷ್ಟ ಸಣ್ಣದಲ್ಲ, ಒಪ್ಪೋಣ. ಅದಕ್ಕೆ ದಾರಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ, ಬಾಣ ಅಲ್ಲ. ಹಾಗಾಗಿ ಬೇಟೆ ಬಾಣದ ವಿದ್ಯೆಯನ್ನು ಇಲ್ಲಿ ಗುರಿಹಲಗೆಗೆ ತಂದು ಓದೋಣ. ಲೆಕ್ಕ ಅದೇ, ಎದುರಿಗಿರೋದು ಬೇರೆ.

ಈ ವಿದ್ಯೆ ನಮ್ಮ ಕಡೆಗೆ ಹೊರಗಿನದ್ದೂ ಅಲ್ಲ. ದೇವದುರ್ಗದಿಂದ ತಿಂಥಣಿ ಸೇತುವೆ ಮೇಲೆ ಕೃಷ್ಣೆ ದಾಟಿದರೆ ಸುರಪುರ ಸೀಮೆ, ಬೇಡ ನಾಯಕರ ನಾಡು. ಅಲ್ಲಿಯ ವಾಗಿನಗೇರಿ ಕೋಟೆ 1705ರಲ್ಲಿ ಔರಂಗಜೇಬ ಸ್ವತಃ ಮುಂದೆ ನಿಂತು ಮುತ್ತಿಗೆ ಹಾಕಿದ ಕೊನೆಯ ಕೋಟೆ. ಆ ಮುತ್ತಿಗೆಯನ್ನು ಬಿಲ್ಲು ಬಾಣದ ಯುದ್ಧ ಅಂತ ಭಾಷಣಗಳಲ್ಲಿ ಹೇಳೋದುಂಟು. ಅಷ್ಟೊತ್ತಿಗೆ ಬೇಡರು ಹೆಸರು ಮಾಡಿದ್ದು ಕೋವಿಯ ಗುರಿಯಲ್ಲಿ. ಆದರೆ ಕೋವಿಗಿಂತ ಮುಂಚೆ ಕಣ್ಣಳತೆ ಕಲಿಸಿದ್ದು ಬಿಲ್ಲೇ. ಇವತ್ತು ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ ಮೂರೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು; ನಮ್ಮ ತರಗತಿಗಳಲ್ಲೂ ನಾಯಕ ಮನೆತನದ ಗೆಳೆಯರು ಬೇಕಾದಷ್ಟು ಇದ್ದಾರೆ. ರಾಜಸ್ತಾನದ ಆದಿವಾಸಿ ಕುಟುಂಬದ ಲಿಂಬಾ ರಾಮ್ 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಬಿಲ್ಲು ಹಿಡಿದರು. ನಮ್ಮ ಜಿಲ್ಲೆಯಿಂದ ಅಂಥವರು ಯಾಕೆ ಬರಬಾರದು ಅನ್ನೋದು ನನ್ನ ಪ್ರಶ್ನೆ. ಉತ್ತರದ ಒಂದು ಸಣ್ಣ ತುಂಡು ಬಾಣದ ತೂಕದಲ್ಲಿದೆ. ಯಾಕೆಂದರೆ ಇಲ್ಲಿ ಬಿಲ್ಲುಗಾರಿಕೆ ಶುರು ಮಾಡುವ ಹುಡುಗನಿಗೆ ಮೊದಲು ಕೈಗೆ ಸಿಗೋದು ಒಂದಕ್ಕೊಂದು ಹೊಂದದ ಬಾಣಗಳ ಕಟ್ಟು. ತಪ್ಪಿದ್ದು ಕೈಯೋ ಬಾಣವೋ ಅಂತ ಅವನಿಗೆ ಗೊತ್ತೇ ಆಗಲ್ಲ.

ಬಾಣದ ಭಾಗಗಳು

ಕನ್ನಡದಲ್ಲಿ ಇದಕ್ಕೆಲ್ಲ ಒಳ್ಳೇ ಪದಗಳಿವೆ. ಮುಂದೆ ಮೊನೆ, ಬೇಟೆಯದ್ದಾದರೆ ಅಗಲವಾದ ಅಲಗು. ನಡುವೆ ಕೋಲು. ಹಿಂದೆ ಗರಿ. ಗರಿ ಕಟ್ಟಿದ ಬುಡಕ್ಕೆ ಹಳಗನ್ನಡದಲ್ಲಿ ಹಿಳುಕು ಅಂತ ಹೆಸರು. ಹೆದೆ ಕೂರುವ ಕಚ್ಚು ಇವತ್ತು ಪ್ಲಾಸ್ಟಿಕ್‌ನದ್ದು, ನಾಕ್ ಅಂತಾರೆ. ಮೊನೆಯನ್ನು ತಿರುಪಿ ಕೂಡಿಸಲು ಕೋಲಿನೊಳಗೆ ಒಂದು ಲೋಹದ ಕೊಳವೆ ಇರುತ್ತದೆ, ಅದು ಇನ್ಸರ್ಟ್.

71 ಸೆಂಟಿಮೀಟರ್ ಉದ್ದದ ಸಾಧಾರಣ ಕಾರ್ಬನ್ ಬಾಣ ತಗೊಳ್ಳೋಣ. ಕೋಲು 12.7 ಗ್ರಾಂ, ಮೊನೆ 6.5, ಇನ್ಸರ್ಟ್ 0.8, ಮೂರು ಗರಿ ಸೇರಿ 0.8, ನಾಕ್ 0.5. ಒಟ್ಟು 21.3 ಗ್ರಾಂ. ಇಷ್ಟರಲ್ಲೇ ಎಲ್ಲಾ ಆಟ.

ಒಟ್ಟು ತೂಕ ಏನು ಮಾಡುತ್ತೆ

ಬಿಲ್ಲು ಎಳೆದಾಗ ಶಕ್ತಿ ತುಂಬುತ್ತೆ, ಬಿಟ್ಟಾಗ ಅದು ಪೂರ್ತಿ ಬಾಣಕ್ಕೆ ಹೋಗಲ್ಲ. ಬಿಲ್ಲಿನ ರೆಕ್ಕೆಗಳು, ಹೆದೆ ಕೂಡ ಓಡಬೇಕಲ್ಲ. ಅವು ಬಾಣಕ್ಕೆ ಅಂಟಿಕೊಂಡ ಹೆಚ್ಚುವರಿ ತೂಕದಂತೆ ವರ್ತಿಸುತ್ತವೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಇದನ್ನು ಬಿಲ್ಲಿನ ವರ್ಚುವಲ್ ಮಾಸ್ ಅಂದರು. ಅವರು, ಹಿಕ್‌ಮನ್, ನಾಗ್ಲರ್ ಮೂವರ ಲೇಖನಗಳು ಸೇರಿ 1947ರಲ್ಲಿ ಬಿಲ್ಲುಗಾರಿಕೆಯ ತಾಂತ್ರಿಕ ಪುಸ್ತಕವೇ ಬಂತು. ನಮ್ಮ ಲೆಕ್ಕಕ್ಕೆ 40 ಪೌಂಡ್‌ನ ಒಂದು ರಿಕರ್ವ್ ಬಿಲ್ಲು, ಅದು ಕೊಡುವ ಉಪಯುಕ್ತ ಶಕ್ತಿ 45 ಜೂಲ್, ಅದರ ವರ್ಚುವಲ್ ಮಾಸ್ 6 ಗ್ರಾಂ ಅಂತ ಇಟ್ಟುಕೊಳ್ಳೋಣ. ನಿಮ್ಮ ಬಿಲ್ಲಿಗೆ ಅಂಕಿ ಬೇರೆ ಇರಬಹುದು, ದಾರಿ ಇದೇ.

16 ಗ್ರಾಂ ಬಾಣ: ವೇಗ ಸೆಕೆಂಡಿಗೆ 64 ಮೀಟರ್, ಚಲನಶಕ್ತಿ 32.7 ಜೂಲ್, ಸಂವೇಗ 1.02.
20 ಗ್ರಾಂ ಬಾಣ: ವೇಗ 58.8, ಚಲನಶಕ್ತಿ 34.6, ಸಂವೇಗ 1.18.
26 ಗ್ರಾಂ ಬಾಣ: ವೇಗ 53, ಚಲನಶಕ್ತಿ 36.6, ಸಂವೇಗ 1.38.

(ಸಂವೇಗದ ಮಾನ ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್.) ಬಾಣ ಭಾರವಾದಷ್ಟೂ ವೇಗ ಇಳಿಯಿತು, ಆದರೆ ಚಲನಶಕ್ತಿ ಸ್ವಲ್ಪ ಏರಿತು, ಸಂವೇಗ ಬಹಳ ಏರಿತು. ಬೇಟೆಯವರು ಭಾರದ ಬಾಣದ ಹಿಂದೆ ಬೀಳುವ ಕಾರಣ ಇದೇ. ಗುರಿಯೊಳಗೆ ಹೊಕ್ಕ ಮೇಲೆ ತಡೆಯುವ ಬಲದ ಎದುರು ಬಾಣ ಎಷ್ಟು ಹೊತ್ತು ಮುನ್ನುಗ್ಗುತ್ತೆ ಅನ್ನೋದು ಸಂವೇಗದ ಮೇಲೆ ನಿಂತಿದೆ. ಎಡ್ ಆ್ಯಶ್ಬಿ ಅನ್ನುವವರು ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಅಲಗುಗಳನ್ನು ಪರೀಕ್ಷಿಸಿ, 650 ಗ್ರೇನ್, ಅಂದ್ರೆ 42 ಗ್ರಾಂ ದಾಟಿದ ಬಾಣ ದಪ್ಪ ಮೂಳೆ ಭೇದಿಸುವುದರಲ್ಲಿ ಮೇಲು ಅಂತ ವಾದಿಸಿದರು. ವಿಡಿಯೋಗಳಲ್ಲಿ ಕೇಳುವ "650" ಬಂದಿದ್ದು ಅಲ್ಲಿಂದ. ನಮಗೆ ಎದುರಿಗಿರೋದು ಹುಲ್ಲಿನ ಹಲಗೆ, ಅದಕ್ಕೆ ಮೂಳೆ ಇಲ್ಲ. ಆ ಸಂಖ್ಯೆಯನ್ನು ಇಲ್ಲಿ ಜಪಿಸೋದರಲ್ಲಿ ಅರ್ಥವಿಲ್ಲ.

ಹಂಗಾರೆ ಹಗುರ ಮಾಡ್ತಾ ಹೋದರೆ? 8 ಗ್ರಾಂನ ಬಾಣ ಹೂಡಿದರೆ 45 ಜೂಲ್‌ನಲ್ಲಿ ಬಾಣಕ್ಕೆ ಹೋಗೋದು 26 ಮಾತ್ರ, ಉಳಿದ 19 ಜೂಲ್ ಬಿಲ್ಲಿನಲ್ಲೇ ನಡುಗುತ್ತೆ. 26 ಗ್ರಾಂ ಬಾಣಕ್ಕೆ ಉಳಿಯುವುದು 8 ಜೂಲ್ ಅಷ್ಟೇ. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಪೂರ್ತಿ 45 ಜೂಲ್ ರೆಕ್ಕೆಗೇ. ರೆಕ್ಕೆ ಸೀಳುವುದು, ಹೆದೆ ಹರಿದು ಮುಖಕ್ಕೆ ಬಡಿಯುವುದು ಹೀಗೆ. ಅದಕ್ಕೇ ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಬಾಣದ ತೂಕ ಇರಲೇಬೇಕು ಅನ್ನೋ ರೂಢಿ. 40 ಪೌಂಡಿಗೆ 200 ಗ್ರೇನ್, 13 ಗ್ರಾಂ. ಇದಕ್ಕಿಂತ ಕೆಳಗೆ ಇಳಿಯಲೇಬೇಡಿ. ಬೇರೆಯವರ ಬಿಲ್ಲು ಇಸ್ಕೊಂಡು ಬಾಣ ಇಲ್ಲದೆ "ಟಂಗ್" ಅನ್ನಿಸೋ ಅಭ್ಯಾಸ ಇರೋರು ಈ ಪ್ಯಾರಾವನ್ನು ಎರಡು ಸಲ ಓದ್ರಿ.

ಇನ್ನು ಇಳಿತ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಒಂದು ಚೆಂದದ ಸೂತ್ರ ಸಿಗುತ್ತೆ. ಬಾಣದ ಇಳಿತ = ಗುರುತ್ವ × ದೂರದ ವರ್ಗ × (ಬಾಣದ ತೂಕ + ವರ್ಚುವಲ್ ಮಾಸ್) ÷ ಶಕ್ತಿಯ ನಾಲ್ಕು ಪಟ್ಟು. ತೂಕದ ಜೊತೆ ಇಳಿತ ಸರಳ ರೇಖೆಯಲ್ಲಿ ಏರುತ್ತೆ. ನಮ್ಮ ಬಿಲ್ಲಿಗೆ 50 ಮೀಟರ್‌ನಲ್ಲಿ ಪ್ರತಿ ಒಂದು ಗ್ರಾಂಗೆ 13.6 ಸೆಂಟಿಮೀಟರ್.

ಈ 13.6 ಅನ್ನೋ ಅಂಕಿ ಮುಖ್ಯ, ಸ್ವಲ್ಪ ನಿಂತು ನೋಡ್ರಿ. 122 ಸೆಂಟಿಮೀಟರ್‌ನ ಗುರಿಹಾಳೆಯಲ್ಲಿ ಪ್ರತಿ ವಲಯದ ಅಗಲ 6.1 ಸೆಂಟಿಮೀಟರ್. ಕಟ್ಟಿನಲ್ಲಿ ಒಂದು ಬಾಣ 20 ಗ್ರಾಂ, ಇನ್ನೊಂದು 21 ಗ್ರಾಂ ಇದ್ದರೆ, ಕೈ ಒಂದಿಷ್ಟೂ ತಪ್ಪದಿದ್ದರೂ ಎರಡನೆಯದು ಎರಡು ವಲಯ ಕೆಳಗೆ. 70 ಮೀಟರ್‌ಗೆ ಹೋದರೆ ಆ ಒಂದು ಗ್ರಾಂ 27 ಸೆಂಟಿಮೀಟರ್. ಬಿಲ್ಲುಗಾರ ದಿನವಿಡೀ ಉಸಿರು, ಭುಜ, ಬೆರಳು ಅಂತ ತಿದ್ದಿಕೊಳ್ಳುತ್ತಾ ಇರ್ತಾನೆ, ತಪ್ಪು ಕೋಲಿನಲ್ಲಿ ಕೂತಿರುತ್ತೆ. ಬಾಣ ಭಾರವೋ ಹಗುರವೋ ಅನ್ನುವುದಕ್ಕಿಂತ ಎಲ್ಲ ಬಾಣಗಳೂ ಒಂದೇ ತೂಕವೋ ಅನ್ನೋದು ಆರಂಭದಲ್ಲಿ ದೊಡ್ಡ ಪ್ರಶ್ನೆ. ದೂರ ಗೊತ್ತಿರುವ ಮೈದಾನದಲ್ಲಿ ಇಳಿತ ಜಾಸ್ತಿ ಇದ್ದರೂ ಸೈಟ್ ಇಳಿಸಿಕೊಂಡರೆ ಮುಗೀತು. ಬಾಣದಿಂದ ಬಾಣಕ್ಕೆ ಬದಲಾಗುವ ಇಳಿತಕ್ಕೆ ಸೈಟ್ ಏನೂ ಮಾಡಲಾರದು.

ಬೇಟೆಗಾರನ ಕಷ್ಟ ಬೇರೆ, ಅವನಿಗೆ ದೂರವೇ ಗೊತ್ತಿರಲ್ಲ. 50 ಮೀಟರ್ ಹತ್ತಿರದಲ್ಲಿ 2 ಮೀಟರ್ ಅಂದಾಜು ತಪ್ಪಿದರೆ 16 ಗ್ರಾಂ ಬಾಣ 24 ಸೆಂಟಿಮೀಟರ್ ತಪ್ಪುತ್ತೆ, 26 ಗ್ರಾಂನದ್ದು 35. ಭಾರದಿಂದ ಬಂದ ಸಂವೇಗಕ್ಕೆ ಅವನು ಕೊಡುವ ಬೆಲೆ ಇದು. ಅದಕ್ಕೇ ಹಳೇ ಬೇಡ ಬಹಳ ಹತ್ತಿರ ಹೋಗುತ್ತಿದ್ದ. ಭಾರದ ಬಾಣ ಅಂದ್ರೆ ಮೊದಲು ಕಾಲಿನ ವಿದ್ಯೆ, ಆಮೇಲೆ ಕೈಯದ್ದು.

ಅದೇ ತೂಕ, ಬೇರೆ ಜಾಗ

ಈಗ ತೂಕದ ಹಂಚಿಕೆ. ಬಾಣವನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿದರೆ ಅದು ಸಮನಾಗಿ ನಿಲ್ಲುವ ಬಿಂದು ನಡುವಿಗಿಂತ ಸ್ವಲ್ಪ ಮುಂದೆ ಇರುತ್ತೆ. ಎಷ್ಟು ಮುಂದೆ ಅನ್ನೋದನ್ನು ಒಟ್ಟು ಉದ್ದದ ಶೇಕಡಾದಲ್ಲಿ ಹೇಳ್ತಾರೆ. ಇಂಗ್ಲಿಷಿನವರು ಎಫ್‌ಒಸಿ ಅಂತಾರೆ, ನಾವು ಮುಂಭಾರ ಅನ್ನೋಣ.

ನಮ್ಮ ಬಾಣಕ್ಕೆ ಮೊಮೆಂಟ್ ತಗೊಳ್ಳಿ, ನಾಕ್‌ನಿಂದ ಅಳೆಯಿರಿ. ಕೋಲಿನ ಕೇಂದ್ರ 35.5 ಸೆಂಟಿಮೀಟರ್‌ನಲ್ಲಿ, ಮೊನೆ 72ರಲ್ಲಿ, ಇನ್ಸರ್ಟ್ 70ರಲ್ಲಿ, ಗರಿ 5ರಲ್ಲಿ. ಗುಣಿಸಿ ಕೂಡಿಸಿದರೆ 979, ಅದನ್ನು 21.3ರಿಂದ ಭಾಗಿಸಿದರೆ 46 ಸೆಂಟಿಮೀಟರ್. ನಡುವಿನಿಂದ 10.5 ಮುಂದೆ. ಮುಂಭಾರ ಶೇ. 14.7. ಗುರಿ ಬಾಣಗಳಿಗೆ ಶೇ. 11ರಿಂದ 16 ಸರಿಯಾದ ವ್ಯಾಪ್ತಿ ಅಂತ ಹೇಳುತ್ತಾರೆ, ಇದು ಅದರೊಳಗೇ ಬಂತು.

ಈಗ 100 ಗ್ರೇನ್ ಮೊನೆ ತೆಗೆದು 150 ಹಾಕಿ, ಅಂದ್ರೆ 3.2 ಗ್ರಾಂ ಹೆಚ್ಚು. ಮುಂಭಾರ ಶೇ. 19.5ಕ್ಕೆ ಏರುತ್ತೆ, 4.8 ಅಂಶ ಏರಿತು. ಇದನ್ನು ಬಿಟ್ಟು ಹಿಂದೆ ನಾಕ್ ಜಾಗದಲ್ಲಿ ಒಂದೇ ಒಂದು ಗ್ರಾಂ ಹೆಚ್ಚಿಸಿ. ರಾತ್ರಿ ಹೊಳೆಯುವ ಎಲ್‌ಇಡಿ ನಾಕ್ ಬರುತ್ತಲ್ಲ, ಅಂಥದ್ದು. ಮುಂಭಾರ ಶೇ. 11.8ಕ್ಕೆ ಬಿತ್ತು, 2.9 ಅಂಶ ಹೋಯಿತು. ಅಂದ್ರೆ ಮೊನೆಯಲ್ಲಿ ಒಂದು ಗ್ರಾಂ ತರುವ ಲಾಭ 1.5 ಅಂಶ, ಬಾಲದಲ್ಲಿ ಒಂದು ಗ್ರಾಂ ತರುವ ನಷ್ಟ 2.9. ಸಮತೋಲದ ಬಿಂದುವಿನಿಂದ ಬಾಲ 46 ಸೆಂಟಿಮೀಟರ್ ದೂರ, ಮೊನೆ 26 ಮಾತ್ರ. ಲಿವರ್ ಅಷ್ಟೇ. ಚೆಂದ ಕಾಣಲಿ ಅಂತ ಹಿಂದೆ ಬಣ್ಣದ ಸ್ಟಿಕ್ಕರ್ ಸುತ್ತೋರು, ಗರಿಗೆ ಅಂಟು ಸುರಿಯೋರು ಇದನ್ನು ನೆನಪಿಡಿ. ಮುಂಭಾರ ಬೇಕಾದರೆ ಮೊದಲು ಬಾಲ ಹಗುರ ಮಾಡಿ, ಮೊನೆ ಭಾರ ಮಾಡೋದು ಆಮೇಲೆ.

ಮುಂಭಾರದಿಂದ ಏನು ಲಾಭ? ಗರಿಯ ಮೇಲೆ ಗಾಳಿ ಒತ್ತಿದಾಗ ಬಾಣ ಸಮತೋಲದ ಬಿಂದುವಿನ ಸುತ್ತ ತಿರುಗಿ ನೆಟ್ಟಗಾಗುತ್ತೆ. ಗರಿ ಆ ಬಿಂದುವಿನಿಂದ ದೂರ ಇದ್ದಷ್ಟೂ ಬೇಗ. ಆದರೆ ವಿಡಿಯೋಗಳಲ್ಲಿ ಇದನ್ನು ಮಂತ್ರದ ಹಾಗೆ ಮಾರುತ್ತಾರೆ. 150 ಗ್ರೇನ್ ಮೊನೆಯಿಂದ ಆ ದೂರ 41ರಿಂದ 44.4 ಸೆಂಟಿಮೀಟರ್ ಆಯಿತು, ಶೇ. 8 ಲಾಭ. ಅದಕ್ಕೆ ಪ್ರತಿಯಾಗಿ 50 ಮೀಟರ್‌ನಲ್ಲಿ ಇಳಿತ 44 ಸೆಂಟಿಮೀಟರ್ ಹೆಚ್ಚಿತು. ಅಗಲದ ಅಲಗು ಕಟ್ಟಿದ ಬಾಣಕ್ಕೆ ಮುಂದೆಯೂ ಗಾಳಿ ಹಿಡಿಯುತ್ತೆ, ಅಲ್ಲಿ ಮುಂಭಾರ ಜಾಸ್ತಿ ಬೇಕು. ಗುಂಡುಮೂತಿಯ ಗುರಿ ಬಾಣಕ್ಕೆ ಶೇ. 20ರ ಹುಚ್ಚು ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕು ಇದೆ, ಸಿವಿಲ್, ಮೆಕ್ಯಾನಿಕಲ್‌ನವರಿಗೆ ಹತ್ತಿರದ್ದು. ಬಾಣ ಬಿಟ್ಟ ಕ್ಷಣ ಅದು ಬಾಗುತ್ತೆ. ಎಷ್ಟು ಬಾಗಬೇಕು ಅನ್ನೋದು ಕೋಲಿನ ಗಡಸುತನದ ಮೇಲೆ, ಅದರ ಅಳತೆ ಸ್ಪೈನ್. 28 ಇಂಚು ಅಂತರದ ಎರಡು ಆಧಾರದ ಮೇಲೆ ಕೋಲಿಟ್ಟು ನಡುವೆ 880 ಗ್ರಾಂ ನೇತುಹಾಕಿದಾಗ ಅರ್ಧ ಇಂಚು ಬಾಗಿದರೆ ಅದು "500" ಸ್ಪೈನ್. ಸಿಂಪ್ಲಿ ಸಪೋರ್ಟೆಡ್ ಬೀಮ್, ನಡುವೆ ಪಾಯಿಂಟ್ ಲೋಡ್. ಪರೀಕ್ಷೆಯಲ್ಲಿ ಬರೆದ ಅದೇ 48ರ ಸೂತ್ರ ಹಾಕಿದರೆ ಕೋಲಿನ ಬಾಗುಗಡಸು 5.1 ನ್ಯೂಟನ್ ಚದರ ಮೀಟರ್. ಇದಕ್ಕೆ ಆಯ್ಲರ್‌ನ ಬಕ್ಲಿಂಗ್ ಲೋಡ್ ತೆಗೆದರೆ ಸುಮಾರು 100 ನ್ಯೂಟನ್. 40 ಪೌಂಡ್ ಬಿಲ್ಲಿನ ಹೆದೆ ತಳ್ಳೋದು 178 ನ್ಯೂಟನ್! ಹಾಗಾದರೆ ಬಾಣ ಪ್ರತಿ ಸಲ ಮುರಿಯಬೇಕಲ್ಲ?

ಮುರಿಯಲ್ಲ. ಯಾಕೆಂದರೆ ಆ ಬಲ ಕೋಲಿನುದ್ದಕ್ಕೂ ಒಂದೇ ಇಲ್ಲ, ಮತ್ತು ಕೆಲವೇ ಮಿಲಿಸೆಕೆಂಡ್ ಇರುತ್ತೆ. ಯಾವ ಬಿಂದುವಿನಲ್ಲಾದರೂ ಒತ್ತಡ ಅಂದ್ರೆ ಅದರ ಮುಂದಿರುವ ತೂಕ ಗುಣಿಸು ವೇಗೋತ್ಕರ್ಷ. ಶುರುವಿನಲ್ಲಿ ವೇಗೋತ್ಕರ್ಷ ಗುರುತ್ವದ 660 ಪಟ್ಟು. ಮೊನೆ, ಇನ್ಸರ್ಟ್ ಸೇರಿ 7.3 ಗ್ರಾಂ ಇದ್ದಾಗ ಕೋಲಿನ ಮುಂದಿನ ತುದಿಯಲ್ಲಿ ಒತ್ತಡ 48 ನ್ಯೂಟನ್. 150 ಗ್ರೇನ್ ಮೊನೆ ಹಾಕಿದರೆ ವೇಗೋತ್ಕರ್ಷ ಸ್ವಲ್ಪ ಇಳಿದರೂ ಒತ್ತಡ 61 ನ್ಯೂಟನ್. ಅದೇ ಕೋಲು, ಹೆಚ್ಚು ಬಾಗುತ್ತೆ. ಮೊನೆ ಭಾರ ಮಾಡಿದರೆ ಕೋಲು ಮೆತ್ತಗಾದಂತೆ ವರ್ತಿಸುತ್ತೆ ಅಂತ ಬಿಲ್ಲುಗಾರರು ಹೇಳೋದು ಇದನ್ನೇ. ಮೊನೆ ಬದಲಿಸುವುದು ಅಂದ್ರೆ ಸ್ಪೈನನ್ನೂ ಬದಲಿಸಿದ ಹಾಗೆ, ಒಂದನ್ನು ಮುಟ್ಟಿ ಇನ್ನೊಂದನ್ನು ಬಿಡೋಕೆ ಬರಲ್ಲ.

ಕಟ್ಟು ಜೋಡಿಸುವಾಗ

ಬಿದಿರಿನ ಬಿಲ್ಲಿನಲ್ಲಿ 50 ಮತ್ತು 30 ಮೀಟರ್‌ಗೆ ಆಡುವ ಇಂಡಿಯನ್ ರೌಂಡ್ ಕಡಿಮೆ ಖರ್ಚಿನದ್ದು, ನಮ್ಮಂಥ ಕಾಲೇಜಿಗೆ ಹೇಳಿ ಮಾಡಿಸಿದ್ದು. ಆದರೆ ಬಿದಿರಿನ ಕೋಲಿನ ತೂಕ ಒಂದೊಂದರದ್ದು ಒಂದೊಂದು ಥರ. ಆರು ಬಾಣ ಬೇಕಾದರೆ ಕೋಲು ಇಪ್ಪತ್ತಾದರೂ ತನ್ನಿ. ಕೆಮಿಸ್ಟ್ರಿ ಲ್ಯಾಬ್‌ನ ತಕ್ಕಡಿ 0.01 ಗ್ರಾಂ ತೋರಿಸುತ್ತೆ, ಸರ್ ಹತ್ರ ಕೇಳಿ ಅರ್ಧ ಗಂಟೆ ಇಸ್ಕೊಳ್ಳಿ. ಆಗಲ್ಲ ಅಂದ್ರೆ ಬಂಗಾರದ ಅಂಗಡಿಯ ಕಾಟಾ. ಪ್ರತಿ ಕೋಲಿನ ಮೇಲೆ ತೂಕ ಬರೆದು, ಹತ್ತಿರದ ತೂಕದವನ್ನು ಗುಂಪು ಮಾಡಿ. ಆಮೇಲೆ ಆ ಗುಂಪಿನೊಳಗೆ ಸ್ಪೈನ್ ನೋಡಿ. ಎರಡು ಮೊಳೆ, ಒಂದು ತೂಕದ ಕಲ್ಲು, ಒಂದು ಸ್ಕೇಲ್ ಸಾಕು. ಬಿದಿರಿನ ಬುಡ ದಪ್ಪ, ತುದಿ ಸಣ್ಣ. ಬುಡವನ್ನು ಮೊನೆಯ ಕಡೆ ಇಟ್ಟರೆ ಮುಂಭಾರ ಪುಕ್ಕಟೆ ಸಿಗುತ್ತೆ. ಕೊನೆಗೆ ಉಳಿದ ಸಣ್ಣ ವ್ಯತ್ಯಾಸವನ್ನು ಮೊನೆಯ ಲೋಹ ಉಜ್ಜಿ ಸರಿಮಾಡಿ. 0.1 ಗ್ರಾಂ ಒಳಗೆ ತಂದರೆ 50 ಮೀಟರ್‌ನಲ್ಲಿ ವ್ಯತ್ಯಾಸ 1.4 ಸೆಂಟಿಮೀಟರ್, ಅಂದ್ರೆ ಬಾಣದ ದಪ್ಪಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಸಾಕು.

ಕಾರ್ಬನ್ ಬಾಣವಾದರೆ ಪ್ರತಿ ಸಲ ಹೂಡುವ ಮುಂಚೆ ಸ್ವಲ್ಪ ಬಗ್ಗಿಸಿ, ತಿರುಗಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚಟಚಟ ಅಂದರೆ ಮುರಿದು ಬಿಸಾಕಿ, ಯಾರೂ ಎತ್ತಿಕೊಂಡು ಹೂಡದ ಹಾಗೆ. ಸೀಳಿದ ಕಾರ್ಬನ್ ಬಿಲ್ಲು ಹಿಡಿದ ಕೈಯೊಳಗೇ ಹೋಗುತ್ತೆ. ಕೋಲಿನ ದಪ್ಪ 9.3 ಮಿಲಿಮೀಟರ್ ದಾಟಬಾರದು ಅನ್ನೋದು ಅಂತರರಾಷ್ಟ್ರೀಯ ನಿಯಮ. ಅಲಗಿನ ಬಾಣವನ್ನು ಮೈದಾನಕ್ಕೆ ತರಲೇಬೇಡಿ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಮೂರು ಬಾಣಕ್ಕೆ ಗರಿ ಇರಲಿ, ಒಂದಕ್ಕೆ ಗರಿ ಬೇಡ, ಆದರೆ ಗರಿಯಷ್ಟೇ ತೂಕದ ಟೇಪ್ ಅದೇ ಜಾಗದಲ್ಲಿ ಸುತ್ತಿ. 18 ಮೀಟರ್‌ನಿಂದ ನಾಲ್ಕನ್ನೂ ಬಿಡಿ. ಬಲಗೈಯವರಿಗೆ ಗರಿ ಇಲ್ಲದ್ದು ಗುಂಪಿನ ಎಡಕ್ಕೆ ಬಿದ್ದರೆ ಕೋಲು ಗಡಸು, ಮೊನೆಗೆ 10 ಗ್ರೇನ್, ಅಂದ್ರೆ ಐದಾರು ಗುಲಗಂಜಿ ಕೂಡಿಸಿ. ಬಲಕ್ಕೆ ಬಿದ್ದರೆ ಮೆತ್ತಗೆ, ಅಷ್ಟೇ ಕಡಿಮೆ ಮಾಡಿ. ಕೋಲು ಕತ್ತರಿಸುವ ಅವಸರ ಬೇಡ, ಕತ್ತರಿಸಿದ್ದು ಮತ್ತೆ ಬೆಳೆಯಲ್ಲ. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.